ಸಂದರ್ಶನದ ಉಡುಪು: ಕುಳ್ಳಗಿನ ಯುವತಿಯರಿಗೆ ಅಳತೆಯೇ ಸವಾಲು

ಬೆಂಗಳೂರು: ಪದವಿ ಮುಗಿಸಿ ಮೊದಲ ಉದ್ಯೋಗ ಸಂದರ್ಶನಕ್ಕೆ ಕರೆ ಬಂದಾಗ, ಅಂಕಪಟ್ಟಿಗಳನ್ನು ಜೋಡಿಸಿಟ್ಟುಕೊಂಡ ನಂತರ ಎದುರಾಗುವ ಪ್ರಶ್ನೆ ಉಡುಪಿನದು. ಐದು ಅಡಿ ಎತ್ತರದ, ಸಣ್ಣ ಮೈಕಟ್ಟಿನ ಯುವತಿಯರಿಗೆ ಈ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಮಳಿಗೆಯಲ್ಲಿರುವ ಅತಿ ಚಿಕ್ಕ ಅಳತೆಯ ಕೋಟು ತೊಟ್ಟರೂ ಭುಜದ ಹೊಲಿಗೆ ತೋಳಿನ ಮೇಲಕ್ಕೆ ಜಾರುತ್ತದೆ. ತೋಳಿನ ತುದಿ ಬೆರಳುಗಳನ್ನು ಮುಚ್ಚುತ್ತದೆ. ಪ್ಯಾಂಟಿನ ಅಂಚು ನೆಲ ಗುಡಿಸುತ್ತದೆ. ಬೇರೆ ಯಾರದೋ ಬಟ್ಟೆಯನ್ನು ಎರವಲು ಪಡೆದಂತೆ ಕಾಣುವ ಈ ಉಡುಪಿನಲ್ಲಿ ಸಂದರ್ಶಕರ ಮುಂದೆ ಕುಳಿತ ಅಭ್ಯರ್ಥಿಯ ಗಮನ ಉತ್ತರಕ್ಕಿಂತ ತೋಳು ಸರಿಪಡಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ದೋಷ ತೊಡುವವರ ಮೈಕಟ್ಟಿನಲ್ಲಿಲ್ಲ, ಬಟ್ಟೆ ಕತ್ತರಿಸುವಾಗ ಬಳಸುವ ಅಳತೆಪಟ್ಟಿಯಲ್ಲಿದೆ. ಇದನ್ನು ಅರಿತರೆ ಯಾವ ಉಡುಪನ್ನು ಕೊಳ್ಳಬೇಕು, ಯಾವುದನ್ನು ದರ್ಜಿಯ ಕೈಗೆ ಒಪ್ಪಿಸಬೇಕು, ಯಾವುದನ್ನು ಮಳಿಗೆಯಲ್ಲೇ ಬಿಟ್ಟು ಬರಬೇಕು ಎಂಬ ನಿರ್ಧಾರ ಸುಲಭವಾಗುತ್ತದೆ.

ಯಾರ ಅಳತೆ, ಯಾರ ಉಡುಪು?

ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಅಲ್ಲಿನ ಸುಮಾರು 15 ಸಾವಿರ ಮಹಿಳೆಯರ ಮೈ ಅಳತೆ ತೆಗೆಸಿ, ಸಿದ್ಧ ಉಡುಪುಗಳಿಗೆ ಏಕರೂಪದ ಅಳತೆ ರೂಪಿಸುವ ಯತ್ನಕ್ಕೆ ನಾಂದಿ ಹಾಡಿತು. ಕಡಿಮೆ ಎತ್ತರದವರಿಗೆಂದೇ ಪ್ರತ್ಯೇಕವಾಗಿ ಕತ್ತರಿಸುವ ‘ಪೆಟೀಟ್’ ಉಡುಪುಗಳೂ ಅದೇ ದೇಶದಲ್ಲಿ 1940ರ ದಶಕದಲ್ಲಿ ಪ್ರಚಾರಕ್ಕೆ ಬಂದವು. ಅಲ್ಲಿನ ಉಡುಪು ಉದ್ಯಮದಲ್ಲಿ 5 ಅಡಿ 4 ಅಂಗುಲ, ಅಂದರೆ ಸುಮಾರು 163 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದವರನ್ನು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರಿಸಲಾಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಎತ್ತರವೇ ಹೊರತು ತೆಳ್ಳಗಿನ ಮೈಯಲ್ಲ.

ಇದೇ ಗೆರೆಯನ್ನು ಭಾರತಕ್ಕೆ ಅನ್ವಯಿಸಿದರೆ ಚಿತ್ರವೇ ಬದಲಾಗುತ್ತದೆ. 2016ರಲ್ಲಿ ಪ್ರಕಟವಾದ, ಜಗತ್ತಿನ ನಾನಾ ದೇಶಗಳ ಜನರ ಎತ್ತರ ಕುರಿತ ಅಧ್ಯಯನದ ಪ್ರಕಾರ 1996ರಲ್ಲಿ ಜನಿಸಿದ ಭಾರತೀಯ ಮಹಿಳೆಯರ ಸರಾಸರಿ ಎತ್ತರ ಸುಮಾರು 153 ಸೆಂಟಿಮೀಟರ್. ಅಲ್ಲಿ ವಿಶೇಷ ವರ್ಗ ಎನಿಸಿಕೊಂಡದ್ದು ಇಲ್ಲಿ ಬಹುಪಾಲು ಮಹಿಳೆಯರ ಎತ್ತರ. ಆದರೂ ಇಲ್ಲಿನ ಮಳಿಗೆಗಳಲ್ಲಿ ಕಚೇರಿ ಉಡುಪಿನ ಪೆಟೀಟ್ ವಿಭಾಗ ಕಾಣಸಿಗುವುದು ಅಪರೂಪ.

ಅಳತೆ ಚಿಕ್ಕದಾದಂತೆ ಎದೆ, ಸೊಂಟಗಳ ಸುತ್ತಳತೆ ಕಡಿಮೆಯಾಗುತ್ತದೆ. ಆದರೆ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ ಇರುವ ಅಂತರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದ್ದರಿಂದಲೇ ‘ಸ್ಮಾಲ್’ ಎಂದು ಬರೆದ ಕೋಟಿನ ಸೊಂಟದ ತಿರುವು ಕುಳ್ಳಗಿನವರ ಸೊಂಟದಿಂದ ಕೆಳಗೆ ಬೀಳುತ್ತದೆ. ಕುಳ್ಳಗಿದ್ದು ಮೈತುಂಬಿಕೊಂಡವರ ಪಾಡು ಇನ್ನೂ ಕಷ್ಟ: ಎದೆಗೆ ಹೊಂದುವ ಅಳತೆ ಆರಿಸಿಕೊಂಡರೆ ಭುಜ, ತೋಳು ಎರಡೂ ಕೈಮೀರುತ್ತವೆ.

ದೇಶಕ್ಕೆ ತನ್ನದೇ ಅಳತೆಪಟ್ಟಿ ಬೇಕೆಂಬ ಉದ್ದೇಶದಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ನಡೆಸುವ ‘ಇಂಡಿಯಾಸೈಜ್’ ಸಮೀಕ್ಷೆಯನ್ನು 2018ರಲ್ಲಿ ಪ್ರಕಟಿಸಲಾಯಿತು. ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ 25 ಸಾವಿರ ಸ್ತ್ರೀಪುರುಷರ ಮೈ ಅಳತೆಯನ್ನು ಸ್ಕ್ಯಾನರ್ ಮೂಲಕ ಸಂಗ್ರಹಿಸುವುದು ಅದರ ಗುರಿಯಾಗಿತ್ತು. ಆದರೆ ಇಂತಹ ಪಟ್ಟಿಯ ಪ್ರಯೋಜನ ಕೊಳ್ಳುವವರಿಗೆ ತಲುಪುವುದು ಕಂಪನಿಗಳು ಅದರಂತೆ ಬಟ್ಟೆ ಕತ್ತರಿಸಿದಾಗ ಮಾತ್ರ. ಅಲ್ಲಿಯವರೆಗೆ ಒಂದು ಕಂಪನಿಯ ‘ಸ್ಮಾಲ್’ ಮತ್ತೊಂದರ ‘ಮೀಡಿಯಂ’ ಆಗಿರುವ ಸ್ಥಿತಿಯಲ್ಲೇ ವ್ಯಾಪಾರ ಮಾಡಬೇಕಾಗುತ್ತದೆ.

ಮೊದಲು ಭುಜ, ಆಮೇಲೆ ಉಳಿದದ್ದು

ಸಿದ್ಧ ಉಡುಪು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಭುಜ. ಹೊಲಿಗೆಯ ಗೆರೆ ಭುಜದ ಮೂಳೆ ಮುಗಿಯುವಲ್ಲೇ ನಿಲ್ಲಬೇಕು. ಕೋಟಿನ ಭುಜ ಕಿರಿದುಗೊಳಿಸಬೇಕಾದರೆ ತೋಳನ್ನು, ಲೈನಿಂಗನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಖರ್ಚು ಹೆಚ್ಚು, ಫಲಿತಾಂಶ ಅನಿಶ್ಚಿತ. ಭುಜ ಹೊಂದದ ಕೋಟು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡುವುದೇ ಲೇಸು. ಕಂಕುಳ ಬಳಿಯ ಸಡಿಲ, ಪ್ಯಾಂಟಿನ ಸೊಂಟಪಟ್ಟಿಯಿಂದ ತೊಡೆಸಂದಿನವರೆಗಿನ ಹೆಚ್ಚುವರಿ ಉದ್ದ ಇವೂ ಸುಲಭವಾಗಿ ಸರಿಹೋಗುವಂಥವಲ್ಲ.

ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಪಕ್ಕದ ಹೊಲಿಗೆ ಒಳಗೆ ತೆಗೆದುಕೊಳ್ಳುವುದು, ಕುರ್ತಾದ ಅಂಚು ಮಡಿಸುವುದು ಬಡಾವಣೆಯ ಯಾವ ದರ್ಜಿಗಾದರೂ ಸಲೀಸು. ಷರ್ಟಿನ ತೋಳು ಗಿಡ್ಡ ಮಾಡುವಾಗ ಕಫ್ ಬಿಚ್ಚಿ ಮೇಲಕ್ಕೆ ಜೋಡಿಸುವಂತೆ ಸ್ಪಷ್ಟವಾಗಿ ಹೇಳಬೇಕು. ಕೆಳಗೆ ಅಗಲವಾಗುವ ಪ್ಯಾಂಟನ್ನು ನಾಲ್ಕು ಅಂಗುಲ ಕತ್ತರಿಸಿದರೆ ಅದರ ಆಕಾರವೇ ಕೆಡುತ್ತದೆ. ನೇರ ಹೊಲಿಗೆಯ ಪ್ಯಾಂಟಿಗೆ ಈ ತೊಂದರೆ ಕಡಿಮೆ. ಹತ್ತಿ ಬಟ್ಟೆಯಾದರೆ ಮೊದಲು ನೀರಿಗೆ ಹಾಕಿ ಒಣಗಿಸಿ ನಂತರವೇ ದರ್ಜಿಗೆ ಕೊಡುವುದು, ಪ್ಯಾಂಟಿನ ಅಳತೆ ಕೊಡುವಾಗ ಸಂದರ್ಶನಕ್ಕೆ ಹಾಕಲಿರುವ ಚಪ್ಪಲಿಯನ್ನೇ ಮೆಟ್ಟಿ ನಿಲ್ಲುವುದು ಕ್ಷೇಮ.

ಕನ್ನಡಿಯ ಮುಂದೆ ನಿಂತು ನೋಡುವುದಷ್ಟೇ ಸಾಲದು. ಸಂದರ್ಶನ ನಡೆಯುವುದು ಕುಳಿತು. ಮಳಿಗೆಯಲ್ಲಿಯೇ ಒಮ್ಮೆ ಕುಳಿತು, ಕಡತ ನೀಡುವಂತೆ ಕೈ ಚಾಚಿ ನೋಡಿದರೆ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆಯೇ, ಕೊರಳಪಟ್ಟಿ ಮೇಲೇಳುತ್ತದೆಯೇ ಎಂಬುದು ತಿಳಿಯುತ್ತದೆ.

ರಫ್ತಿನ ರಾಶಿಯಲ್ಲಿ ‘ಪಿ’ ಅಕ್ಷರ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ವಿದೇಶಿ ಕಂಪನಿಗಳಿಗಾಗಿ ಉಡುಪು ಹೊಲಿಯುವವರಲ್ಲಿ ಬಹುಪಾಲು ಮಹಿಳೆಯರೇ. ಅವರು ಹೊಲಿಯುವ ಆ ಉಡುಪುಗಳ ಅಳತೆ ಮಾತ್ರ ಹೊರದೇಶದ್ದು. ಹೀಗೆ ಉಳಿದ ರಫ್ತು ಸರಕು ನಗರದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ. ಇಲ್ಲಿ ಕೊರಳಿನ ಪಟ್ಟಿ ಓದುವುದು ಮುಖ್ಯ. ಅಳತೆಯ ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ ‘ಪಿ’ ಅಕ್ಷರವಿದ್ದರೆ ಅದು ಸಾಮಾನ್ಯವಾಗಿ ಪೆಟೀಟ್ ಉಡುಪು. ತೋಳು, ಸೊಂಟ, ಮಂಡಿ ಎಲ್ಲವೂ ಮೇಲಕ್ಕೆ ಬಂದಿರುತ್ತವೆ.

ಬಾಲಕರ ವಿಭಾಗದ ಷರ್ಟುಗಳು ಭುಜಕ್ಕೆ ಹೊಂದುತ್ತವೆ, ಬೆಲೆಯೂ ಕಡಿಮೆ ಎಂಬುದು ಕೆಲವರು ಕಂಡುಕೊಂಡ ಉಪಾಯ. ಆದರೆ ಅವುಗಳಲ್ಲಿ ಎದೆಯ ಭಾಗಕ್ಕೆ ಡಾರ್ಟ್ ಇರುವುದಿಲ್ಲ. ಕೋಟಿನ ಒಳಗೆ ತೊಡಲು ನಡೆದೀತು, ಅದೊಂದನ್ನೇ ತೊಟ್ಟರೆ ಶಾಲಾ ಸಮವಸ್ತ್ರದ ಛಾಯೆ ಉಳಿಯುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಅಕ್ಷರದ ಅಳತೆ ನಂಬದೆ, ಉಡುಪಿನ ಭುಜ ಮತ್ತು ಉದ್ದ ಎಷ್ಟು ಅಂಗುಲ ಎಂಬುದನ್ನು ಓದಿ, ಮನೆಯಲ್ಲಿ ಚೆನ್ನಾಗಿ ಹೊಂದುವ ಉಡುಪಿನೊಂದಿಗೆ ಹೋಲಿಸುವುದು ಒಳ್ಳೆಯದು.

ಸೀರೆಗೂ ಅಗಲವುಂಟು

ಬ್ಯಾಂಕು, ಶಾಲೆ-ಕಾಲೇಜು, ಸರ್ಕಾರಿ ಕಚೇರಿಗಳ ಸಂದರ್ಶನಕ್ಕೆ ಸೀರೆ, ಸಲ್ವಾರ್ ಕಮೀಜ್ ಇಂದಿಗೂ ಒಪ್ಪುವ ಉಡುಪುಗಳೇ. ಸೀರೆಗೆ ಅಳತೆಯ ಗೊಡವೆ ಇಲ್ಲ ಎಂಬ ಮಾತು ಅರ್ಧ ಸತ್ಯ. ಸೀರೆಯ ಅಗಲ ಸಾಮಾನ್ಯವಾಗಿ 45 ಅಂಗುಲದ ಆಸುಪಾಸಿನಲ್ಲಿರುತ್ತದೆ. ಕುಳ್ಳಗಿನವರು ಹೆಚ್ಚಿನ ಅಗಲವನ್ನು ಸೊಂಟದಲ್ಲೇ ಸಿಕ್ಕಿಸಬೇಕಾಗುವುದರಿಂದ ಗಂಜಿ ಹಾಕಿದ ದಪ್ಪ ಹತ್ತಿ ಸೀರೆ ಉಬ್ಬಿ ನಿಲ್ಲುತ್ತದೆ. ಮೈಸೂರು ಕ್ರೇಪ್‌ನಂತೆ ಮೈಗೆ ಒಗ್ಗಿ ಇಳಿಯುವ ಬಟ್ಟೆ, ಕಿರಿದಾದ ಅಂಚು ಅನುಕೂಲ. ಅಭ್ಯಾಸವಿಲ್ಲದವರು ಸಂದರ್ಶನದ ದಿನವೇ ಮೊದಲ ಬಾರಿಗೆ ಸೀರೆ ಉಡುವುದು ಬೇಡ.

ಚಿಕ್ಕಪೇಟೆಯಲ್ಲೋ ಊರಿನ ಬಟ್ಟೆ ಅಂಗಡಿಯಲ್ಲೋ ಬಟ್ಟೆ ಕೊಂಡು ಹೊಲಿಸುವುದು ಅನೇಕರಿಗೆ ಸಿದ್ಧ ಉಡುಪಿಗಿಂತ ಲಾಭದಾಯಕ. ಎಷ್ಟು ಮೀಟರ್ ಬೇಕೆಂದು ಮೊದಲು ದರ್ಜಿಯನ್ನೇ ಕೇಳಿದರೆ ಕಡಿಮೆ ಎತ್ತರದವರಿಗೆ ಬಟ್ಟೆಯಲ್ಲೂ ಉಳಿತಾಯವಾಗುತ್ತದೆ. ಚೆನ್ನಾಗಿ ಹೊಂದುವ ಹಳೆಯ ಉಡುಪೊಂದನ್ನು ಮಾದರಿಯಾಗಿ ಕೊಟ್ಟು, ಅಂತಿಮ ಹೊಲಿಗೆಗೆ ಮುನ್ನ ಒಮ್ಮೆ ತೊಟ್ಟು ನೋಡಬೇಕು. ಹಬ್ಬ, ಮದುವೆಗಳ ಕಾಲದಲ್ಲಿ ದರ್ಜಿಗಳಿಗೆ ಬಿಡುವಿರುವುದಿಲ್ಲವಾದ್ದರಿಂದ ಕರೆ ಬರುವ ತನಕ ಕಾಯದೆ ಅರ್ಜಿ ಹಾಕಿದಾಗಲೇ ಒಂದು ಜೊತೆ ಸಿದ್ಧಪಡಿಸಿಕೊಳ್ಳುವುದು ಜಾಣತನ.

ಬಟ್ಟೆಗೊಂದು ಬೆಲೆ, ಅದನ್ನು ಮೈಗೆ ಹೊಂದಿಸಲು ಮತ್ತೊಂದು ಬೆಲೆ. ಎತ್ತರದ ಮೈಕಟ್ಟನ್ನು ಆಧರಿಸಿದ ಅಳತೆಪಟ್ಟಿಯ ಈ ಹೆಚ್ಚುವರಿ ಖರ್ಚು ಬೀಳುತ್ತಿರುವುದು ಇನ್ನೂ ಮೊದಲ ಸಂಬಳ ಕಾಣದ ಯುವತಿಯರ ಮೇಲೆ. ಕೊಳ್ಳುವ ಮುನ್ನವೇ ದರ್ಜಿಯ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿದರೆ, ರಿಯಾಯಿತಿ ಮಾರಾಟದಲ್ಲಿ ಕೊಂಡ ಮೂರು ಸಡಿಲ ಉಡುಪುಗಳಿಗಿಂತ ಭುಜಕ್ಕೆ ಸರಿಯಾಗಿ ಕೂರುವ ಒಂದೇ ಉಡುಪು ಅಗ್ಗವೆಂಬುದು ಮನವರಿಕೆಯಾಗುತ್ತದೆ.