ಗೋಡೆ ಕಟ್ಟಿದವರ ಪಟ್ಟಿ

ಗಾವಡಗೆರೆ ಹೋಬಳಿಯಲ್ಲಿ ಆಷಾಢ ಶ್ರಾವಣಗಳೆಂದರೆ ಯಾರಿಗೂ ಬಿಡುವಿಲ್ಲದ ಕಾಲ. ಹೊಲದಲ್ಲಿ ವರ್ಜೀನಿಯಾ ತಂಬಾಕಿನ ಎಲೆ ಬಲಿತು ನಿಂತಿರುತ್ತದೆ. ಮುರಿದ ಸೊಪ್ಪನ್ನು ಅಂದಂದೇ ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಏರಿಸಿದ ಮೇಲೆ ಐದಾರು ದಿನ ಹಗಲಿರುಳೆನ್ನದೆ ಶಾಖದ ಹದ ಕಾಯಬೇಕು. ಕಳೆದ ಮುಂಗಾರಿನ ಅಂಥ ದಿನಗಳಲ್ಲೇ ನಮ್ಮ ನೆರೆಯ ವಿಧವೆ ತಾಯಿಯೊಬ್ಬರ ಮಣ್ಣಿನ ಮನೆಯ ಹಿಂಗೋಡೆ ರಾತ್ರಿಯ ಮಳೆಗೆ ಕುಸಿದುಬಿದ್ದಿತು. ಆಕೆಯೂ ಶಾಲೆಗೆ ಹೋಗುವ ಇಬ್ಬರು ಮಕ್ಕಳೂ ಮುಂದಿನ ಪಡಸಾಲೆಯಲ್ಲಿ ಮಲಗಿದ್ದ ಕಾರಣ ಪ್ರಾಣಾಪಾಯವಾಗಲಿಲ್ಲ. ಸುತ್ತಲಿನ ನಾವು ಕೆಲವು ಕಥೋಲಿಕ ಕುಟುಂಬಗಳವರು ಆ ಭಾನುವಾರವೇ ಬಲಿಪೂಜೆ ಮುಗಿದೊಡನೆ ಸೇರಿ, ಗೋಡೆಯನ್ನು ಹೊಸದಾಗಿ ಕಟ್ಟಿಸಿಕೊಡುವುದೆಂದು ಒಮ್ಮನಸ್ಸಿನಿಂದ ನಿಶ್ಚಯಿಸಿದೆವು. ಅಲ್ಲಿಯೇ ಒಂದು ವಾಟ್ಸ್‌ಆ್ಯಪ್ ಗುಂಪು ಹುಟ್ಟಿತು.

ಆ ಗುಂಪಿನಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಮುಂಜಾನೆಯ ವಂದನೆ, ದೇವಮಾತೆಯ ಚಿತ್ರ, ಜನ್ಮದಿನದ ಶುಭಾಶಯ, ಇವುಗಳ ನಡುನಡುವೆ ಇಟ್ಟಿಗೆಯ ದರ, ಗಾರೆಯವರ ದೂರವಾಣಿ ಸಂಖ್ಯೆ, ಮರಳಿನ ಮಾತು. ಮೂರು ತಿಂಗಳಾಗುವ ಹೊತ್ತಿಗೆ ಫಲ ಹೀಗಿತ್ತು: ಸಿಮೆಂಟನ್ನು ಇಬ್ಬರು ಪ್ರತ್ಯೇಕವಾಗಿ ತರಿಸಿದ್ದರು, ಮಾಡಿಗೆ ಬೇಕಾದ ತಗಡನ್ನು ಒಬ್ಬರೂ ತಂದಿರಲಿಲ್ಲ, ಮುಚ್ಚಿಡಲು ಜಾಗವಿಲ್ಲದೆ ಕೆಲವು ಮೂಟೆ ಸಿಮೆಂಟು ತೇವಕ್ಕೆ ಕಲ್ಲಾಗಿತ್ತು. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಮಳೆಹಾನಿಯ ಪರಿಹಾರಕ್ಕೆ ಕೊಡಬೇಕಾಗಿದ್ದ ಅರ್ಜಿ. ಅದನ್ನು ಮತ್ತೊಬ್ಬರು ಬರೆದುಕೊಟ್ಟಿರುವರೆಂದು ನಮ್ಮಲ್ಲಿ ಪ್ರತಿಯೊಬ್ಬರೂ ಭಾವಿಸಿದ್ದೆವು. ಯಾರೂ ಕೊಟ್ಟಿರಲಿಲ್ಲ, ದಿನ ಮೀರಿತ್ತು. ಆ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಗೋಡೆಯಿದ್ದ ಜಾಗಕ್ಕೆ ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿಕೊಂಡು ಮಳೆಗಾಲವನ್ನು ಕಳೆದರು. ಈ ತಪ್ಪಿಗೆ ಯಾವ ಕಚೇರಿಯನ್ನೂ ದೂರುವಂತಿಲ್ಲ. ತಪ್ಪು ನಮ್ಮದೇ.

ನಮ್ಮ ಹಿರಿಯರಿಗೆ ಕೂಡಿ ಕೆಲಸ ಮಾಡುವುದು ಹೊಸತಾಗಿರಲಿಲ್ಲ. ಮುಯ್ಯಾಳಿನ ಪದ್ಧತಿಯಲ್ಲಿ ಇಂದು ಇವರ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವರು. ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬ ಲೆಕ್ಕ ಮನೆಯ ಹಿರಿಯಳ ನೆನಪಿನಲ್ಲಿ ಪುಸ್ತಕದಲ್ಲಿದ್ದಂತೆ ಇರುತ್ತಿತ್ತು. ಆದರೆ ಅಂದು ಕೂಡುತ್ತಿದ್ದವರು ಒಂದೇ ಬೀದಿಯವರು. ಇಂದು ನಮ್ಮ ಗುಂಪಿನಲ್ಲಿ ಒಬ್ಬ ಮಗ ಮೈಸೂರಿನಲ್ಲಿ, ಒಬ್ಬ ಸೊಸೆ ಬೆಂಗಳೂರಿನಲ್ಲಿ, ಒಬ್ಬರು ಕೊಲ್ಲಿ ದೇಶದಲ್ಲಿ. ಹಣ ಅಲ್ಲಿಂದ ಬರುತ್ತದೆ, ಕೆಲಸ ಇಲ್ಲಿ ಆಗಬೇಕು. ನೆನಪೊಂದನ್ನೇ ನಂಬಿ ನಡೆಯುವ ಕಾಲ ಇದಲ್ಲ.

ನವೆಂಬರ್ 2ರ ಮೃತರ ಸ್ಮರಣೆಗೆಂದು ಸಮಾಧಿಗಳಿಗೆ ಹೂವಿಡಲು ಊರಿಗೆ ಬಂದಿದ್ದ ಒಬ್ಬ ಯುವತಿ, ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರ ಉದ್ಯೋಗಿ, ಟಾರ್ಪಾಲನ್ನು ಕಂಡು ವಿಚಾರಿಸಿದಳು. ನಮ್ಮ ಕಥೆ ಕೇಳಿ ಅವಳು ನಗಲಿಲ್ಲವೆಂಬುದು ಅವಳ ದೊಡ್ಡತನ. ತನ್ನ ಕಚೇರಿಯಲ್ಲಿ ದಿನನಿತ್ಯ ಬಳಸುವಂಥ ಒಂದು ಹಲಗೆಯನ್ನು ನಮ್ಮ ಮೊಬೈಲುಗಳಲ್ಲೇ ತೆರೆದು ತೋರಿಸಿದಳು. ಹಲಗೆಯ ಮೇಲೆ ಮೂರು ಅಂಕಣಗಳು: ಆಗಬೇಕಾದದ್ದು, ಆಗುತ್ತಿರುವುದು, ಆದದ್ದು. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಚೀಟಿ. ಚೀಟಿಯ ಮೇಲೆ ಆ ಕೆಲಸವನ್ನು ಹೊತ್ತವರ ಹೆಸರು ಒಂದೇ ಒಂದು, ಮುಗಿಸಬೇಕಾದ ದಿನಾಂಕವೂ ಒಂದೇ. ಕೆಲಸ ಮುಂದುವರಿದಂತೆ ಚೀಟಿಯನ್ನು ಬೆರಳಿನಿಂದ ಪಕ್ಕದ ಅಂಕಣಕ್ಕೆ ಸರಿಸಿದರೆ ಸಾಕು, ದೂರದ ಊರಿನಲ್ಲಿರುವವರಿಗೂ ಅದು ಆ ಕ್ಷಣವೇ ಕಾಣುತ್ತದೆ. ‘ತಗಡು ತರುವುದು’ ಎಂಬ ಚೀಟಿಯ ಮೇಲೆ ಹೆಸರಿಲ್ಲದಿದ್ದರೆ ಹೆಸರಿಲ್ಲವೆಂಬುದೇ ಎದ್ದು ಕಾಣುತ್ತದೆ. ನಮ್ಮ ಮೂರು ತಿಂಗಳ ರೋಗವೆಲ್ಲ ಆ ಖಾಲಿ ಜಾಗದಲ್ಲಿ ನಮಗೆ ಗೋಚರಿಸಿತು.

ಈ ಹಲಗೆಯ ಮೂಲ ಕಂಪ್ಯೂಟರಿನದಲ್ಲ ಎಂಬುದು ಸ್ವಾರಸ್ಯಕರ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೋ ಎಂಬ ಎಂಜಿನಿಯರರು ಬಿಡಿಭಾಗಗಳ ಪೆಟ್ಟಿಗೆಗಳಿಗೆ ಚೀಟಿ ಕಟ್ಟುವ ಕ್ರಮವನ್ನು ರೂಢಿಗೆ ತಂದರು. ಪೆಟ್ಟಿಗೆಯ ಭಾಗಗಳು ಬಳಕೆಗೆ ಬಂದಾಗ ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತದೆ. ಆ ವಿಭಾಗ ಚೀಟಿಯಲ್ಲಿದ್ದಷ್ಟನ್ನೇ ಮತ್ತೆ ತಯಾರಿಸುತ್ತದೆ. ಅಗತ್ಯಕ್ಕಿಂತ ಹೆಚ್ಚು ಮಾಡಿ ರಾಶಿ ಹಾಕುವಂತಿಲ್ಲ, ಕಡಿಮೆಯಾಗಿ ಕೆಲಸ ನಿಲ್ಲುವಂತೆಯೂ ಇಲ್ಲ. ಇದಕ್ಕೆ ಕಾನ್‌ಬಾನ್ ಎಂದು ಹೆಸರು; ಜಪಾನೀ ಭಾಷೆಯಲ್ಲಿ ಹಾಗೆಂದರೆ ಫಲಕ. ಈ ವಿಚಾರವೇ ಮುಂದೆ ಅಂತರ್ಜಾಲಕ್ಕೆ ಏರಿತು. 2004ರಲ್ಲಿ ಬೇಸ್‌ಕ್ಯಾಂಪ್, 2011ರಲ್ಲಿ ಟ್ರೆಲ್ಲೊ ಬಂದವು. ಟ್ರೆಲ್ಲೊವನ್ನು 2017ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಸಂಸ್ಥೆ ಕೊಂಡುಕೊಂಡಿತು. ಫೇಸ್‌ಬುಕ್ಕಿನ ಸ್ಥಾಪಕರಲ್ಲಿ ಒಬ್ಬರಾದ ಡಸ್ಟಿನ್ ಮೊಸ್ಕೊವಿಟ್ಜ್ ತಮ್ಮ ಗೆಳೆಯರೊಡನೆ 2008ರಲ್ಲಿ ಆರಂಭಿಸಿದ ಇಂಥದೇ ಸಂಸ್ಥೆಗೆ ಆಸನ ಎಂಬ ಹೆಸರಿದೆ. ನಮ್ಮ ಯೋಗಾಸನದ ಆಸನವೇ ಅದು. ನಮ್ಮ ಪದ ಅಮೆರಿಕಕ್ಕೆ ಹೋಗಿ ಬಂದದ್ದನ್ನು ನಮ್ಮ ಹುಡುಗರು ಇಂಗ್ಲಿಷಿನ ರಾಗದಲ್ಲಿ ಉಚ್ಚರಿಸುವುದನ್ನು ಕೇಳಲು ವಿನೋದವಾಗುತ್ತದೆ. ನೆರೆಯ ತಮಿಳುನಾಡಿನ ಜೋಹೊ ಸಂಸ್ಥೆಯೂ ಇಂಥ ತಂತ್ರಾಂಶವನ್ನು ಒದಗಿಸುತ್ತದೆ.

ಆದರೆ ಪವಿತ್ರ ಗ್ರಂಥವನ್ನು ಓದುವ ನಾವು ಟೊಯೋಟಾದವರೆಗೂ ಹೋಗಬೇಕಾಗಿರಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ಬರೀ ಹೆಸರುಗಳ ಸಾಲು ಎಂದು ಬೇಸರ. ಪಾರಸಿಯ ಅರಸನ ಪಾನಸೇವಕನಾಗಿದ್ದ ನೆಹೆಮೀಯನು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಪಾಳುಬಿದ್ದ ಜೆರುಸಲೇಮಿಗೆ ಬಂದು, ಕೆಡವಿದ ಕೋಟೆಗೋಡೆಯನ್ನು ಮತ್ತೆ ಎಬ್ಬಿಸಿದ ವೃತ್ತಾಂತವದು. ಈ ಸಲ ನಾವು ಕುಸಿದ ಗೋಡೆಯೊಂದನ್ನು ಎದುರಿಗಿಟ್ಟುಕೊಂಡು ಆ ಅಧ್ಯಾಯವನ್ನು ಓದಿದೆವು. ಇಡೀ ಗೋಡೆಯನ್ನು ತುಂಡುತುಂಡಾಗಿ ವಿಂಗಡಿಸಲಾಗಿದೆ. ಪ್ರತಿ ತುಂಡಿಗೂ ಹೊಣೆಗಾರರ ಹೆಸರಿದೆ. ಮಹಾಯಾಜಕ ಎಲ್ಯಾಷೀಬನೇ ಮೊದಲು ಎದ್ದು ಕುರಿಬಾಗಿಲಿನ ಕೆಲಸಕ್ಕೆ ಕೈಹಚ್ಚುತ್ತಾನೆ. ಅಕ್ಕಸಾಲಿಗ ಒಂದು ಕಡೆ, ಸುಗಂಧದ್ರವ್ಯ ಮಾಡುವವನು ಅವನ ಪಕ್ಕದಲ್ಲಿ. ಶಲ್ಲೂಮನೆಂಬ ಅಧಿಕಾರಿ ತನ್ನ ಹೆಣ್ಣುಮಕ್ಕಳೊಡನೆ ದುಡಿಯುತ್ತಾನೆ. ಹಲವರಿಗೆ ತಮ್ಮ ತಮ್ಮ ಮನೆಯ ಎದುರಿನ ಭಾಗವೇ ಪಾಲಿಗೆ ಬಂದಿದೆ. ಸ್ವಂತ ಮನೆಯ ಮುಂದಿನ ಗೋಡೆಯನ್ನು ಯಾರು ತಾನೆ ಸಡಿಲಾಗಿ ಕಟ್ಟಿಯಾರು? ತೆಕೋವದ ಗಣ್ಯರು ಮಾತ್ರ ಈ ಕೆಲಸಕ್ಕೆ ತಲೆಬಾಗಲಿಲ್ಲವೆಂಬುದನ್ನೂ ಗ್ರಂಥಕರ್ತ ಮರೆಯದೆ ದಾಖಲಿಸಿದ್ದಾನೆ. ಅದೇ ಊರಿನ ಸಾಮಾನ್ಯ ಜನ ತಮ್ಮ ಪಾಲನ್ನು ಮುಗಿಸಿ ಎರಡನೆಯ ಭಾಗವನ್ನೂ ವಹಿಸಿಕೊಂಡರು. ಗೋಡೆ ಐವತ್ತೆರಡು ದಿನಗಳಲ್ಲಿ ಮುಗಿಯಿತು.

ಹೊಸ ಒಡಂಬಡಿಕೆಗೆ ಬಂದರೆ, ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ನಮ್ಮ ಕಥೆಯೇ ಇದೆ ಎನ್ನಬೇಕು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರು ಅಲಕ್ಷ್ಯಕ್ಕೊಳಗಾದರೆಂಬ ಗೊಣಗಾಟ ಎದ್ದಾಗ ಪ್ರೇಷಿತರು ಉಪದೇಶವನ್ನಷ್ಟೇ ಮಾಡಿ ಸುಮ್ಮನಾಗಲಿಲ್ಲ. ಸ್ತೇಫನನೂ ಸೇರಿ ಏಳು ಮಂದಿಯನ್ನು ಹೆಸರು ಹಿಡಿದು ನೇಮಿಸಿದರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆದೆರಿಕ್ ಓಜಾನಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನು ಕಂಡವರಿಗೆ ಇದು ಹೊಸತಲ್ಲ. ಯಾವ ಬಡ ಮನೆಯನ್ನು ಯಾರು ಸಂದರ್ಶಿಸಬೇಕು, ಹೋದ ವಾರ ಕೊಟ್ಟ ಮಾತು ಏನಾಯಿತು ಎಂದು ಕೂಟದಲ್ಲಿ ಕೇಳಿ ಬರೆದಿಡುವ ಆ ದಾಖಲೆ ಪುಸ್ತಕಕ್ಕೆ ವಿದ್ಯುತ್ತೂ ಬೇಡ, ಅಂತರ್ಜಾಲವೂ ಬೇಡ.

ಕನ್ನಡದಲ್ಲೇ ಈ ಬಗೆಯ ಕೂಡುದುಡಿಮೆಗೆ ಒಂದು ಒಳ್ಳೆಯ ನಿದರ್ಶನವಿದೆ. ನಮ್ಮ ಸಮುದಾಯಕ್ಕೆ ಅದು ಹತ್ತಿರದ್ದೂ ಹೌದು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಜನರಿಗೆ ಬಿಟ್ಟುಕೊಟ್ಟಿತು. ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿಗಳು ಅದರ ಲೇಖನಗಳನ್ನು ಬೆರಳಚ್ಚು ಮಾಡಿ ವಿಕಿಸೋರ್ಸ್ ಎಂಬ ಅಂತರ್ಜಾಲ ಗ್ರಂಥಾಲಯಕ್ಕೆ ಏರಿಸುವ ಕೆಲಸದಲ್ಲಿ ತೊಡಗಿದರು. ವಿಕಿಸೋರ್ಸಿನ ಪುಟಗಳಿಗೆ ಬಣ್ಣಗಳಿವೆ. ಅಕ್ಷರ ಮೂಡಿದ್ದರೂ ಯಾರೂ ತಿದ್ದದ ಪುಟ ಕೆಂಪು, ಒಬ್ಬರು ಕರಡು ತಿದ್ದಿದರೆ ಹಳದಿ, ಎರಡನೆಯವರು ಪರಿಶೀಲಿಸಿದ ಮೇಲಷ್ಟೇ ಹಸಿರು. ತಾನು ತಿದ್ದಿದ್ದನ್ನು ತಾನೇ ಹಸಿರು ಮಾಡುವಂತಿಲ್ಲ. ಒಬ್ಬರ ಮುಖ ಒಬ್ಬರು ಕಂಡಿರದ ಜನ ಒಂದೇ ಪುಸ್ತಕದ ನೂರಾರು ಪುಟಗಳನ್ನು ಈ ಬಣ್ಣಗಳ ಆಧಾರದಿಂದಲೇ ಹಂಚಿಕೊಂಡು ಮುಗಿಸುತ್ತಾರೆ. ಇದನ್ನು ಕಂಡು ನಾವೂ ಒಂದು ನಿಯಮ ಮಾಡಿಕೊಂಡೆವು: ಹಣ ಖರ್ಚಾದ ಯಾವ ಚೀಟಿಯನ್ನೂ ಖರ್ಚು ಮಾಡಿದವರೇ ‘ಆದದ್ದು’ ಎಂಬ ಅಂಕಣಕ್ಕೆ ಸರಿಸಕೂಡದು, ರಸೀದಿಯನ್ನು ನೋಡಿದ ಇನ್ನೊಬ್ಬರು ಸರಿಸಬೇಕು. ಕೊಲ್ಲಿಯಲ್ಲಿರುವ ನಮ್ಮ ಬಂಧು ಅಂದಿನಿಂದ ಹಣದ ಬಗೆಗೆ ಒಮ್ಮೆಯೂ ಕೇಳಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಕಲ್ಲು ಹೊಡೆಸುವ ಹೊಣೆ ಹೊತ್ತಿದ್ದರು. ಸೊಪ್ಪು ವಿಂಗಡಿಸುವ ಕೆಲಸದ ನಡುವೆ ಎರಡು ದಿನ ತಡವಾಯಿತು. ತಂತ್ರಾಂಶಕ್ಕೆ ವಯಸ್ಸು ತಿಳಿಯದು. ಅದು ಅವರ ಹೆಸರಿನ ಮುಂದೆ ದಿನಾಂಕವನ್ನು ಕೆಂಪಗೆ ಬೆಳಗಿಸಿ, ಅವರ ಮೊಬೈಲಿಗೂ ಎಚ್ಚರಿಕೆ ಕಳುಹಿಸಿತು. ಊರಿನ ಎಲ್ಲರೂ ನೋಡುವ ಹಲಗೆಯಲ್ಲಿ ತಮ್ಮನ್ನು ಕೆಂಪಾಗಿಸಿದರೆಂದು ಅವರು ನೊಂದು, ಗುಂಪನ್ನೇ ಬಿಟ್ಟು ಹೊರಟರು. ಆ ಯುವತಿ ಬೆಂಗಳೂರಿನಿಂದ ಕರೆ ಮಾಡಿ, ‘ತಾತ, ತಪ್ಪು ನಂದು. ಯಂತ್ರ ಹೇಳೋ ಮೊದಲು ನಾನು ಹೇಳಬೇಕಿತ್ತು. ನಿಮ್ಮ ಹೆಸರಿಲ್ಲದೆ ಆ ಗೋಡೆ ನಿಲ್ಲುತ್ತಾ?’ ಎಂದು ಬೇಡಿಕೊಂಡ ಮೇಲೆ ಮರಳಿದರು. ‘ಹೇಳೋದಿದ್ರೆ ಮಗಳೇ, ಬಾಯಲ್ಲಿ ಹೇಳು’ ಎಂದರಂತೆ. ಅಂದಿನಿಂದ ಯಂತ್ರದ ಎಚ್ಚರಿಕೆಗಳನ್ನು ನಿಲ್ಲಿಸಿದ್ದೇವೆ. ಬುಧವಾರ ಸಂಜೆ ಒಬ್ಬರು ಹಲಗೆಯನ್ನು ನೋಡಿ, ತಡವಾದವರಿಗೆ ಕರೆ ಮಾಡಿ ಮಾತನಾಡುತ್ತಾರೆ. ಮೊಬೈಲಿಲ್ಲದ ಮನೆಗಳೂ ನಮ್ಮಲ್ಲಿವೆ. ಅವರಿಗಾಗಿ ಇದೇ ಮೂರು ಅಂಕಣಗಳನ್ನು ರಟ್ಟಿನ ಮೇಲೆ ಬರೆದು ಭಾನುವಾರ ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತೇವೆ. ನಿಜ ಹೇಳಬೇಕೆಂದರೆ ಹೆಚ್ಚು ಜನ ನೋಡುವುದು ಆ ರಟ್ಟನ್ನೇ.

ಇನ್ನೊಂದು ವಿಷಯದಲ್ಲಿ ನಮಗೆ ತಡವಾಗಿ ಬುದ್ಧಿ ಬಂದಿತು. ಆರಂಭದಲ್ಲಿ ಉತ್ಸಾಹದ ಭರದಲ್ಲಿ ಆ ತಾಯಿಯ ಹೆಸರು, ಸಾಲದ ಮೊತ್ತ, ಚಿಕ್ಕ ಮಗುವಿನ ಕಾಯಿಲೆ, ಇವೆಲ್ಲವನ್ನೂ ಚೀಟಿಯ ಮೇಲೆ ಬರೆದುಬಿಟ್ಟಿದ್ದೆವು. ಕೊಂಡಿ ದೊರೆತ ಯಾರು ಬೇಕಾದರೂ ಅದನ್ನು ಓದಬಹುದಾಗಿತ್ತು. ಖಾಸಗಿ ಮಾಹಿತಿಯ ರಕ್ಷಣೆಗೆ 2023ರಲ್ಲಿ ನಮ್ಮ ದೇಶದ ಸಂಸತ್ತು ಕಾಯಿದೆ ಮಾಡಿರುವುದು ನಿಜ; ಆದರೆ ಬಡವರ ಮಾನ ಕಾಯಲು ಕಾಯಿದೆಗಾಗಿ ಕಾಯಬೇಕೆ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಬೋಧನೆಯನ್ನು ಬಾಲ್ಯದಿಂದ ಕೇಳಿದ ನಾವೇ ಹೀಗೆ ಮಾಡಿದ್ದೆವು. ಈಗ ಹಲಗೆಯ ಮೇಲೆ ‘ಮನೆ ಕೆಲಸ’ ಎಂದಷ್ಟೇ ಇದೆ. ರೋಗಿಗಳ ಭೇಟಿಯಂಥ ಸೇವೆಗೆ ಈ ಹಲಗೆಯನ್ನು ಬಳಸುವವರು ಹೆಸರುಗಳ ಬಗೆಗೆ ಇನ್ನೂ ಹೆಚ್ಚು ಎಚ್ಚರ ವಹಿಸಬೇಕೆಂಬುದು ನಮ್ಮ ಅಭಿಪ್ರಾಯ.

ಯಾವ ತಂತ್ರಾಂಶವನ್ನು ಆರಿಸಬೇಕೆಂದು ಕೇಳುವವರಿಗೆ ನಮ್ಮ ಉತ್ತರ ಚಿಕ್ಕದು. ಹಲವು ಸಂಸ್ಥೆಗಳು ಸಣ್ಣ ಗುಂಪುಗಳಿಗೆ ಉಚಿತವಾಗಿ ಕೊಡುತ್ತವೆ. ಜನ ಹೆಚ್ಚಾದರೆ ಹಣ ಕೇಳುತ್ತವೆ. ಗುಂಡಿಗಳ ಮೇಲಿನ ಬರಹ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ, ಆದರೆ ಚೀಟಿಯೊಳಗೆ ಕನ್ನಡ ಬರೆಯಲು ಅಡ್ಡಿಯಿಲ್ಲ. ಅದೂ ಕಷ್ಟವೆನಿಸಿದರೆ ಗೂಗಲ್ಲಿನ ಉಚಿತ ಕೋಷ್ಟಕದ ಹಾಳೆಯಲ್ಲಿ ಕೆಲಸ, ಹೆಸರು, ದಿನಾಂಕ ಎಂದು ಮೂರು ಕಲಂ ಎಳೆದುಕೊಂಡರೂ ನಡೆಯುತ್ತದೆ. ನಮ್ಮ ಹುಡುಗರು ಒಮ್ಮೆ ಹನ್ನೊಂದು ಅಂಕಣಗಳನ್ನು ಮಾಡಿಟ್ಟರು. ಚೀಟಿ ಸರಿಸುವುದೇ ಕೆಲಸವಾಗಿ, ಇಟ್ಟಿಗೆ ಅಲ್ಲಿಯೇ ಉಳಿಯಿತು. ಮತ್ತೆ ಮೂರಕ್ಕೆ ಇಳಿಸಿದೆವು. ಪ್ರತಿವರ್ಷ ಜೂನ್ 13ರಂದು ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯಲ್ಲಿ ನಡೆಯುವ ಸಂತ ಅಂತೋಣಿಯವರ ಮಹೋತ್ಸವಕ್ಕೆ ಜನಸಾಗರವೇ ಸೇರುವುದನ್ನು ನಮ್ಮ ಓದುಗರು ಬಲ್ಲರು. ಅಂಥಲ್ಲಿ ನೀರು, ನೆರಳು, ಅನ್ನದಾನ, ವಾಹನ ನಿಲುಗಡೆ, ಕಳೆದುಹೋದ ಮಕ್ಕಳು, ಹೀಗೆ ಒಂದೊಂದಕ್ಕೂ ಹತ್ತಾರು ಕೈಗಳು ಬೇಕು. ನಮ್ಮ ಸಣ್ಣ ಊರುಗಳ ಹಬ್ಬಗಳಲ್ಲಿ ತೇರಿನ ಹೂವಿಗೆ ಮೂವರು ಓಡಿ, ದೀಪದ ಜನರೇಟರಿಗೆ ಡೀಸೆಲ್ ತರಲು ಯಾರೂ ಇಲ್ಲದೆ ಮೆರವಣಿಗೆ ಕತ್ತಲಲ್ಲಿ ನಿಂತ ನೆನಪು ನಮಗೇ ಇದೆ.

ಆ ತಾಯಿಯ ಗೋಡೆ ಕ್ರಿಸ್ತಜಯಂತಿಗೆ ನಾಲ್ಕು ದಿನ ಮೊದಲು ಮುಗಿಯಿತು. ತಗಡಿನ ಮಾಡೂ ಆಯಿತು. ಕಲ್ಲಾಗಿದ್ದ ಸಿಮೆಂಟಿನ ಮೂಟೆಗಳನ್ನು ಹಿತ್ತಲ ಬಾಗಿಲಿಗೆ ಮೆಟ್ಟಿಲಾಗಿ ಜೋಡಿಸಿದ್ದೇವೆ. ಹೋದಾಗಲೆಲ್ಲ ಅವುಗಳನ್ನು ತುಳಿದೇ ಒಳಗೆ ಹೋಗಬೇಕು. ತಪ್ಪಿಹೋದ ಪರಿಹಾರ ಮಾತ್ರ ತಪ್ಪಿಯೇ ಹೋಯಿತು. ಮನೆಯ ಖಾತೆ ಇಂದಿಗೂ ತೀರಿಕೊಂಡ ಯಜಮಾನರ ಹೆಸರಿನಲ್ಲಿಯೇ ಇದೆಯೆಂಬುದು ಆ ಗಡಿಬಿಡಿಯಲ್ಲಿ ಗೊತ್ತಾಯಿತು. ಅದನ್ನು ಆಕೆಯ ಹೆಸರಿಗೆ ಮಾಡಿಸದೆ ಮುಂದಿನ ಯಾವ ಸಹಾಯವೂ ಸುಲಭವಲ್ಲ. ಹಲಗೆಯ ನಡುವಣ ಅಂಕಣದಲ್ಲಿ ಈಗ ಉಳಿದಿರುವುದು ‘ಖಾತೆ ಬದಲಾವಣೆ’ ಎಂಬ ಒಂದೇ ಚೀಟಿ. ಅದರ ಮೇಲೆ ಹೆಸರು ಬರೆಸಿಕೊಂಡಿರುವವರು, ಅಂದು ಕೆಂಪು ಬಣ್ಣಕ್ಕೆ ಮುನಿದಿದ್ದ ಹಿರಿಯರೇ. ಮರಣ ಪ್ರಮಾಣಪತ್ರದ ನಕಲನ್ನು ಹಿಡಿದು ಬರುವ ಸೋಮವಾರ ಆ ತಾಯಿಯೊಡನೆ ಪಂಚಾಯಿತಿ ಕಚೇರಿಗೆ ಹೋಗಲಿದ್ದಾರೆ. ಬಸ್ಸಿನ ಹೊತ್ತನ್ನೂ ಯಾರೋ ಚೀಟಿಯ ಕೆಳಗೆ ಬರೆದಿಟ್ಟಿದ್ದಾರೆ: ಬೆಳಿಗ್ಗೆ ಒಂಬತ್ತೂಕಾಲು.