ಮ್ಯಾಡಾಫ್ ವಂಚನೆ: ಸಮುದಾಯದ ನಂಬಿಕೆಗೆ ಬಿದ್ದ ಪೆಟ್ಟು

2008ರ ಡಿಸೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಬರ್ನಾರ್ಡ್ ಮ್ಯಾಡಾಫ್‌ನ ಬಂಧನವಾಯಿತು. ಗ್ರಾಹಕರ ಖಾತೆಗಳಲ್ಲಿ ಸುಮಾರು 6,500 ಕೋಟಿ ಡಾಲರ್ ಇದೆಯೆಂದು ಅವನ ಸಂಸ್ಥೆಯ ಲೆಕ್ಕಪತ್ರಗಳು ತೋರಿಸುತ್ತಿದ್ದವು. ಆದರೆ ಆ ಹಣ ಇರಲೇ ಇಲ್ಲ. ಹೊಸಬರು ತಂದ ಹಣವನ್ನೇ ಹಳಬರಿಗೆ ಲಾಭವೆಂದು ಹಂಚುವ ‘ಪೋಂಜಿ’ ವ್ಯವಹಾರ ಅದಾಗಿತ್ತು. 2009ರಲ್ಲಿ ಅವನಿಗೆ 150 ವರ್ಷಗಳ ಶಿಕ್ಷೆಯಾಯಿತು; 2021ರಲ್ಲಿ ಸೆರೆಮನೆಯಲ್ಲೇ ಸತ್ತನು.

ಅವನು ಹಣ ದುಪ್ಪಟ್ಟು ಮಾಡಿಕೊಡುವೆನೆಂದು ಹೇಳಲಿಲ್ಲ. ಪೇಟೆ ಏರಲಿ, ಇಳಿಯಲಿ, ವರ್ಷಕ್ಕೆ ಸುಮಾರು ಶೇ. 10ರಷ್ಟು ಲಾಭ ತಪ್ಪದೆ ತೋರಿಸುತ್ತಿದ್ದನು. ಯಹೂದಿ ಸಮುದಾಯದಲ್ಲಿ ಅವನು ಗಣ್ಯ ದಾನಿ, ಯೆಶಿವಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಖಜಾಂಚಿ. “ನಮ್ಮವನೇ ಅಲ್ಲವೇ” ಎಂಬ ಭರವಸೆಯೇ ಅನೇಕರಿಗೆ ಸಾಕಾಯಿತು.

ಇದರಿಂದ ನಷ್ಟವಾದದ್ದು ಹೂಡಿಕೆದಾರರಿಗೆ ಮಾತ್ರವಲ್ಲ. ನೊಬೆಲ್ ಪುರಸ್ಕೃತ ಎಲಿ ವೀಸೆಲ್ ಅವರ ಪ್ರತಿಷ್ಠಾನ ಸುಮಾರು 1.5 ಕೋಟಿ ಡಾಲರ್ ಕಳೆದುಕೊಂಡಿತು. ಸೆರೆವಾಸಿಗಳ ಪುನರ್ವಸತಿ, ನ್ಯಾಯ ಸುಧಾರಣೆಯ ಕೆಲಸಗಳಿಗೆ ನೆರವಾಗುತ್ತಿದ್ದ ಜೆಹ್ಟ್ ಪ್ರತಿಷ್ಠಾನ ಮುಚ್ಚಿಹೋಯಿತು. ಮ್ಯಾಡಾಫ್‌ನ ಹೆಸರನ್ನೇ ಕೇಳದವರಿಗೂ ಬರಬೇಕಿದ್ದ ನೆರವು ನಿಂತಿತು.

ಲಾಭ ಪಡೆದವರೂ ಉಳಿಯಲಿಲ್ಲ. ಹಾಕಿದ್ದಕ್ಕಿಂತ ಹೆಚ್ಚು ತೆಗೆದುಕೊಂಡವರಿಂದ ಆ ಹಣವನ್ನು ಮರಳಿ ಪಡೆಯಲು ನ್ಯಾಯಾಲಯ ನೇಮಿಸಿದ ಟ್ರಸ್ಟಿ ಮುಂದಾದರು. ಏಕೆಂದರೆ ಆ ‘ಲಾಭ’ ಮತ್ತೊಬ್ಬರ ಅಸಲಾಗಿತ್ತು. ಹದಸ್ಸಾ ಎಂಬ ಮಹಿಳಾ ಸಂಘಟನೆ, ವಂಚನೆಯ ಅರಿವೇ ಇಲ್ಲದಿದ್ದರೂ, 4.5 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಬೇಕಾಯಿತು.

ಮೂರನೆಯ ಪೆಟ್ಟು ಸರ್ಕಾರದ ಮೇಲಿನ ವಿಶ್ವಾಸಕ್ಕೆ. ಹ್ಯಾರಿ ಮಾರ್ಕೊಪೊಲೊಸ್ ಎಂಬ ವಿಶ್ಲೇಷಕ 2000ದಿಂದಲೇ ಷೇರುಪೇಟೆ ನಿಯಂತ್ರಕರಿಗೆ ಲಿಖಿತ ದೂರು ಕೊಟ್ಟಿದ್ದರು. ಆದರೂ ಯಾರೂ ಷೇರುಗಳು ನಿಜವಾಗಿ ಇವೆಯೇ ಎಂದು ಹೊರಗಿನ ಠೇವಣಿ ಸಂಸ್ಥೆಯಲ್ಲಿ ತಾಳೆ ನೋಡಲಿಲ್ಲ. ಕೋಟ್ಯಂತರ ಡಾಲರ್‌ಗಳ ಲೆಕ್ಕಕ್ಕೆ ಸಹಿ ಹಾಕುತ್ತಿದ್ದುದು ಒಂದು ಪುಟ್ಟ ಲೆಕ್ಕಪರಿಶೋಧನಾ ಕಚೇರಿ.

ನಮ್ಮ ಮನೆಗಳಿಗೂ, ವಿದ್ಯಾನಿಧಿ, ಸಂಘ, ಟ್ರಸ್ಟ್‌ಗಳಿಗೂ ಇದರಲ್ಲಿ ಪಾಠವಿದೆ. ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ಸಲಹೆಗಾರ ಸೆಬಿಯಲ್ಲಿ ನೋಂದಾಯಿತನೇ? ಷೇರುಗಳ ವಿವರ ಅವನ ಕಚೇರಿಯಿಂದಲ್ಲದೆ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ ನೇರವಾಗಿ ಬರುತ್ತದೆಯೇ? ಲೆಕ್ಕ ತಪಾಸಣೆ ಮಾಡುವವರು ಸ್ವತಂತ್ರರೇ? ಟ್ರಸ್ಟಿನ ಎಲ್ಲ ಹಣವನ್ನೂ ಒಬ್ಬರ ಕೈಗೆ ಒಪ್ಪಿಸಬಾರದು. ಪರಿಚಿತರನ್ನು ಹೀಗೆ ಪ್ರಶ್ನಿಸುವುದು ಅವಮಾನವಲ್ಲ. ಅದು ದಾನಿಗಳ ಹಣಕ್ಕೆ ಸಲ್ಲಬೇಕಾದ ಗೌರವ.