ಬಿಸಿ ನೀರಿಗಿಳಿದರೆ ಕರೆಂಟ್ ಹೋಗುವ ಯುದ್ಧನೌಕೆ

ಒಂದೊಂದಕ್ಕೂ ಸುಮಾರು 100 ಕೋಟಿ ಪೌಂಡ್ ಸುರಿದು ಬ್ರಿಟನ್ ಆರು ಡೆಸ್ಟ್ರಾಯರ್‌ಗಳನ್ನು ಕಟ್ಟಿತು. ಹೆಸರು ಟೈಪ್ 45. ಇವುಗಳಿಗೊಂದು ವಿಚಿತ್ರ ಕಾಯಿಲೆ ಇತ್ತು. ನಡುಸಮುದ್ರದಲ್ಲಿ ಇದ್ದಕ್ಕಿದ್ದಂತೆ ಕರೆಂಟ್ ಹೋಗೋದು! ಪ್ರೊಪೆಲ್ಲರ್, ರಾಡಾರ್, ಲೈಟು ಎಲ್ಲವೂ ಒಟ್ಟಿಗೆ ಬಂದ್.

ಇದು ನಮಗ್ಯಾಕೆ? 2024ರ ನವೆಂಬರ್‌ನಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಭಾರತ ಮತ್ತು ಬ್ರಿಟನ್ ಒಂದು ಆಶಯಪತ್ರಕ್ಕೆ ಸಹಿ ಹಾಕಿದವು. ನಮ್ಮ ನೌಕಾಪಡೆಯ ಮುಂದಿನ ಹಡಗುಗಳಿಗೆ ಎಲೆಕ್ಟ್ರಿಕ್ ಪ್ರೊಪಲ್ಷನ್ ವ್ಯವಸ್ಥೆಯನ್ನು ಜಂಟಿಯಾಗಿ ರೂಪಿಸುವ ಮಾತು ಅದು.

ವ್ಯವಸ್ಥೆ ತೀರಾ ಹೊಸದೇನಲ್ಲ. ನಮ್ಮ ರೈಲ್ವೆಯ ಡೀಸೆಲ್ ಎಂಜಿನ್ ಮಾಡೋದೂ ಇದನ್ನೇ. ಎಂಜಿನ್ ಜನರೇಟರ್ ತಿರುಗಿಸುತ್ತೆ, ಆ ಕರೆಂಟಿನಿಂದ ಮೋಟಾರ್ ಓಡುತ್ತೆ. ಹಡಗಿನಲ್ಲಿ ಮೋಟಾರ್ ಪ್ರೊಪೆಲ್ಲರ್ ತಿರುಗಿಸುತ್ತದೆ, ಅದೇ ಕರೆಂಟ್ ರಾಡಾರಿಗೂ ಅಡುಗೆಮನೆಗೂ ಹೋಗುತ್ತದೆ. ಬೇಕಾದಷ್ಟು ಜನರೇಟರ್ ಮಾತ್ರ ಓಡಿಸಿ ಇಂಧನ ಉಳಿಸಬಹುದು.

ತೊಂದರೆ ಇರೋದು ದೊಡ್ಡ ಮೋಟಾರ್ ಮತ್ತು ಜನರೇಟರ್‌ನ ಸಂಬಂಧದಲ್ಲಿ. ತೋಟದಲ್ಲಿ ಡೀಸೆಲ್ ಜನರೇಟರ್‌ಗೆ ಬೋರ್‌ವೆಲ್ ಮೋಟಾರ್ ಹಾಕಿದವರಿಗೆ ಇದು ಗೊತ್ತು: ಆನ್ ಮಾಡಿದ ಕ್ಷಣ ಬಲ್ಬುಗಳು ಮಂಕಾಗುತ್ತವೆ. ನೇರವಾಗಿ ಸ್ಟಾರ್ಟ್ ಮಾಡಿದರೆ ಇಂಡಕ್ಷನ್ ಮೋಟಾರ್ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಊರಿನ ಗ್ರಿಡ್‌ಗೆ ಅದು ಲೆಕ್ಕಕ್ಕಿಲ್ಲ. ಹಡಗಿಗೆ ಗ್ರಿಡ್ಡೇ ಇಲ್ಲ. ಅದಕ್ಕಾಗಿ ವೋಲ್ಟೇಜು, ಫ್ರೀಕ್ವೆನ್ಸಿ ಎರಡನ್ನೂ ನಿಧಾನವಾಗಿ ಏರಿಸುವ ಡ್ರೈವ್ ಬಳಸುತ್ತಾರೆ. ಸ್ಟಾರ್ಟಿಂಗ್ ಸಮಸ್ಯೆ ಅಲ್ಲಿಗೆ ಮುಗೀತು.

ಟೈಪ್ 45 ಬಿದ್ದದ್ದು ಇನ್ನೊಂದು ತುದಿಯಲ್ಲಿ. ಅದರಲ್ಲಿ ತಲಾ 20 ಮೆಗಾವ್ಯಾಟ್‌ನ ಎರಡು ಮೋಟಾರ್. ಕರೆಂಟಿಗೆ ತಲಾ 21 ಮೆಗಾವ್ಯಾಟ್ ಆಸುಪಾಸಿನ ಎರಡು ಡಬ್ಲ್ಯುಆರ್-21 ಗ್ಯಾಸ್ ಟರ್ಬೈನ್, ಜೊತೆಗೆ ತಲಾ ಕೇವಲ 2 ಮೆಗಾವ್ಯಾಟ್‌ನ ಎರಡು ಡೀಸೆಲ್ ಜನರೇಟರ್. ಈ ಟರ್ಬೈನಿನ ಜಾಣತನ ಅದರ ಇಂಟರ್‌ಕೂಲರ್. ಒಳಗೆಳೆದ ಗಾಳಿಯನ್ನು ಅರ್ಧ ಒತ್ತಿ, ತಂಪು ಮಾಡಿ, ಮತ್ತೆ ಒತ್ತುತ್ತಾರೆ. ಸಮುದ್ರದ ನೀರೂ ಹೊರಗಿನ ಗಾಳಿಯೂ ಬಿಸಿಯಾಗಿದ್ದರೆ ಆ ತಂಪು ಸಾಲದೆ ಟರ್ಬೈನಿನ ಶಕ್ತಿ ಕುಸಿಯುತ್ತದೆ. ಪರ್ಷಿಯನ್ ಕೊಲ್ಲಿಯಲ್ಲಿ ಆಗಿದ್ದು ಅದೇ.

ಮೋಟಾರ್ ಮಾತ್ರ ತನ್ನ ವೇಗ ಕಾಯ್ದುಕೊಳ್ಳಲು ಎಳೆಯುತ್ತಲೇ ಇರುತ್ತದೆ. ಟರ್ಬೈನ್ ಟ್ರಿಪ್ ಆದರೆ ಅಷ್ಟೂ ಭಾರ ಪುಟ್ಟ ಡೀಸೆಲ್‌ಗಳ ತಲೆಗೆ. ಅವು ಓವರ್‌ಲೋಡ್ ಆಗಿ, ತಮ್ಮನ್ನು ಉಳಿಸಿಕೊಳ್ಳಲು ತಾವೇ ಬ್ರೇಕರ್ ತೆರೆದು ಕೂರುತ್ತವೆ. ಹಡಗು ಕತ್ತಲು.

ಈ ಟರ್ಬೈನ್ ಆಯ್ದದ್ದು 2000ದಲ್ಲಿ. ಜಗತ್ತಿನ ಹತ್ತಾರು ನೌಕಾಪಡೆಗಳಲ್ಲಿ ಪಳಗಿದ ಎಲ್ಎಂ2500 ಟರ್ಬೈನ್ ಆಗಲೇ ಮಾರುಕಟ್ಟೆಯಲ್ಲಿತ್ತು. ಡಬ್ಲ್ಯುಆರ್-21 ಅನ್ನು ಟೈಪ್ 45 ಬಿಟ್ಟರೆ ಬೇರಾವ ಯುದ್ಧನೌಕೆಗೂ ಹಾಕಲಿಲ್ಲ. 2016ರಲ್ಲಿ ಬ್ರಿಟಿಷ್ ಸಂಸತ್ತಿನ ರಕ್ಷಣಾ ಸಮಿತಿ ಕಂಪನಿಗಳವರನ್ನು ಎದುರು ಕೂರಿಸಿ ಕೇಳಿದಾಗ ಬಂದ ಉತ್ತರದ ಸಾರ ಇಷ್ಟು: ಮಧ್ಯಪ್ರಾಚ್ಯದ ಪರಿಸ್ಥಿತಿ ನಮಗೆ ಕೊಟ್ಟ ಸ್ಪೆಸಿಫಿಕೇಷನ್‌ಗೆ ಹೊಂದುವುದಿಲ್ಲ. ದಶಕಗಳಿಂದ ಕೊಲ್ಲಿಯಲ್ಲೇ ಗಸ್ತು ತಿರುಗುತ್ತಿದ್ದ ನೌಕಾಪಡೆಗೆ ಈ ಉತ್ತರ! ನನ್ನ ಪ್ರಕಾರ ಇದು ಯಂತ್ರದ ತಪ್ಪಿಗಿಂತ ಹೆಚ್ಚಾಗಿ ಕಾಗದದ ತಪ್ಪು. ಎಷ್ಟು ಡಿಗ್ರಿ ಅಂತ ಬರೆದವರು ಯಾರು, ಒಪ್ಪಿದವರು ಯಾರು ಎಂಬ ಪ್ರಶ್ನೆ.

ರಿಪೇರಿ ಗುತ್ತಿಗೆ ಆಗಿದ್ದು 2018ರಲ್ಲಿ, 16 ಕೋಟಿ ಪೌಂಡ್‌ಗೆ. ಹಡಗಿನ ಹೊಟ್ಟೆ ಕೊಯ್ದು ಎರಡು ಡೀಸೆಲ್ ತೆಗೆದು, ತಲಾ 3 ಮೆಗಾವ್ಯಾಟ್‌ನ ಮೂರನ್ನು ಕೂರಿಸುವ ಕೆಲಸ. 40 ಮೆಗಾವ್ಯಾಟ್ ಬೇಕಾದಲ್ಲಿ 9 ಯಾವ ಮೂಲೆಗೆ ಅನ್ನಬೇಡಿ. ಪ್ರೊಪೆಲ್ಲರ್ ಕೇಳುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅರ್ಧ ವೇಗಕ್ಕೆ ಎಂಟನೇ ಒಂದು ಭಾಗ, ಅಂದರೆ 5 ಮೆಗಾವ್ಯಾಟ್ ಸಾಕು. ಉಳಿದದ್ದು ರಾಡಾರು, ಎಸಿಗೆ. ಮೊದಲ ಹಡಗು ಡಾಂಟ್‌ಲೆಸ್ ಹೀಗೆ ಸಮುದ್ರ ಪರೀಕ್ಷೆಗೆ ಮರಳಿದ್ದು 2022ರಲ್ಲಿ.

ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ಮೇಲ್ಮೈ ನೀರು 30 ಡಿಗ್ರಿ ಮುಟ್ಟುತ್ತದೆ. ನಮ್ಮ ಹಡಗುಗಳು ಪರ್ಷಿಯನ್ ಕೊಲ್ಲಿಯ ಬಾಗಿಲವರೆಗೂ ಗಸ್ತು ಹೋಗುತ್ತವೆ. ಹಾಗಾಗಿ ಗುತ್ತಿಗೆಗೆ ಸಹಿ ಬೀಳುವ ಮುಂಚೆ ನಮ್ಮ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಮೂರು ಅಂಕಿಗಳನ್ನು ಕೇಳಬೇಕು: ವಿನ್ಯಾಸದಲ್ಲಿ ನೀರಿನ ಉಷ್ಣಾಂಶ ಎಷ್ಟು ಹಿಡಿದಿದ್ದಾರೆ, ಅತಿ ದೊಡ್ಡ ಜನರೇಟರ್ ಟ್ರಿಪ್ ಆದರೆ ಉಳಿದವು ಎಷ್ಟು ಮೆಗಾವ್ಯಾಟ್ ಹೊರಬಲ್ಲವು, ಆ ಕ್ಷಣದಲ್ಲಿ ಡ್ರೈವ್ ತನ್ನ ಎಳೆತವನ್ನು ಎಷ್ಟು ಬೇಗ ಇಳಿಸುತ್ತದೆ.